ಜನ ನಕ್ಕುಬಿಟ್ಟರೆ ಅಂದೆಯಲ್ಲ

ಪುಟ್ಟಿ,

ಮನೆ ಸುದ್ದಿಯೆಲ್ಲ ನಿನ್ನಮ್ಮ ಹೇಳಿರುತ್ತಾಳೆ, ಬಿಡು. ಕಾಗದದ ಕೊನೆಗೆ ನಿನ್ನ ಹಾರರ್ ಸಿನಿಮಾದ ಬಗ್ಗೆ ಒಂದು ಸಾಲು ಬರೆದಿದ್ದೀಯಲ್ಲ, 'ಬಾಗಿಲ ಸೀನಿನಲ್ಲಿ ಜನ ನಕ್ಕುಬಿಟ್ಟರೆ ಅಂತ ಹೆದರಿ ಉದ್ದಕ್ಕೂ ಮ್ಯೂಸಿಕ್ ಹಾಕಿಬಿಟ್ಟೆ ದೊಡ್ಡಪ್ಪ' ಅಂತ, ಅದು ನನ್ನನ್ನು ನಾಲ್ಕು ದಿನದಿಂದ ಬಿಡುತ್ತಿಲ್ಲ.

ಅದೇ ಹೆದರಿಕೆಗೆ ನಾನೊಂದು ಸಿನಿಮಾ ಕೆಡಿಸಿದ್ದೇನೆ. ಅಂಥದೇ ಬಾಗಿಲು. ಹನ್ನೊಂದು ಸೆಕೆಂಡು ಏನೂ ಬೇಡ, ನಾಯಕಿಯ ಉಸಿರಷ್ಟೇ ಸಾಕು ಅಂದಿದ್ದರು ನಿರ್ದೇಶಕರು. ಅವರು ಊಟಕ್ಕೆ ಎದ್ದುಹೋದಾಗ ಒಬ್ಬನೇ ಕೂತು ಕೇಳಿದೆ, ತಡೆಯಲಾಗಲಿಲ್ಲ. ಸದ್ದು ಏರಿಳಿಸುವ ಫೇಡರ್ ಮೇಲೆ ಬೆರಳಿಟ್ಟು ತಂತಿವಾದ್ಯದ ನಡುಕವೊಂದನ್ನು ಮೆಲ್ಲಗೆ ಏರಿಸಿಬಿಟ್ಟೆ. ಬಂದು ಕೇಳಿದರು. 'ಸರಿ, ನಿಮಗೆ ಅನುಭವ ಜಾಸ್ತಿ' ಅಂದರು. ಹೊಸಬರು, ಪಾಪ. ಮೊದಲ ದಿನ ಥಿಯೇಟರಿನಲ್ಲಿ ತಂತಿ ಏರತೊಡಗಿದ್ದೇ ತಡ, ನನ್ನ ಮುಂದಿದ್ದ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು. ಎಲ್ಲಿ ಬೆಚ್ಚಬೇಕು ಅಂತ ನಾನೇ ಚೀಟಿ ಬರೆದು ಕೊಟ್ಟ ಹಾಗಾಯಿತು. ಯಾರೂ ನಗಲಿಲ್ಲ, ನಿಜ. ಯಾರೂ ಹೆದರಲೂ ಇಲ್ಲ.

ನೀನು ಹೆದರುತ್ತಿರುವುದು ಯಾವ ನಗುವಿಗೆ? 1942ರ ಹಾರರ್ ಸಿನಿಮಾ 'ಕ್ಯಾಟ್ ಪೀಪಲ್'ನಲ್ಲಿ ಒಬ್ಬಳು ರಾತ್ರಿ ಒಂಟಿಯಾಗಿ ನಡೆಯುತ್ತಾಳೆ. ಸಂಗೀತವಿಲ್ಲ, ಹೆಜ್ಜೆ ಸದ್ದು ಮಾತ್ರ. ಹಿಂದೆ ಬರುತ್ತಿದ್ದ ಹೆಜ್ಜೆ ನಿಂತುಹೋಗುತ್ತದೆ. ಕಾಡುಮೃಗವೇ ಬುಸುಗುಟ್ಟಿತು ಅನ್ನುವಷ್ಟರಲ್ಲಿ ಬಸ್ಸೊಂದು ಬಂದು ನಿಲ್ಲುತ್ತದೆ. ಅಲ್ಲಿ ಬೆಚ್ಚಿದವರು ಮರುಕ್ಷಣ ನಗುವುದುಂಟು. ಅದು ಬಿಗಿಹಿಡಿದ ಉಸಿರು ಸಡಿಲಾದ ನಗು. ಅಂಥದು ಬಂದರೆ ನಿನ್ನ ಪುಣ್ಯ.

ಹಾಗಂತ ಮೌನದ ಪರ ವಾದಕ್ಕಿಳಿದರೆ ನಾನೇ ಸಿಕ್ಕಿಬೀಳುತ್ತೇನೆ. 1960ರ 'ಸೈಕೋ'ದ ಸ್ನಾನದ ದೃಶ್ಯಕ್ಕೆ ಸಂಗೀತ ಬೇಡ ಅಂದಿದ್ದವರು ಅದರ ನಿರ್ದೇಶಕ ಹಿಚ್‌ಕಾಕ್. ಸಂಗೀತ ಕೊಟ್ಟ ಬರ್ನಾರ್ಡ್ ಹೆರ್ಮನ್ ಪಿಟೀಲುಗಳನ್ನು ಕಿರುಚಿಸಿ ಕೇಳಿಸಿದ ಮೇಲೆ ಒಪ್ಪಿಕೊಂಡರು. ಆದರೆ ಆ ಕಿರುಚು ಶುರುವಾಗುವುದು ಸ್ನಾನದ ಪರದೆ ಸರಿದ ಮೇಲೆ. ಅಲ್ಲಿಯವರೆಗೆ ನೀರು ಸುರಿಯುವ ಸದ್ದಷ್ಟೇ. ಕ್ಯಾಮೆರಾ ಪರದೆಗೂ ಜಾಗ ಬಿಟ್ಟು ನಿಂತಿರುತ್ತದೆ. ನೆರಳು ನಮಗೆ ಕಾಣುತ್ತದೆ, ಅವಳಿಗೆ ಕಾಣುವುದಿಲ್ಲ.

ನಿನ್ನ ಶಾಟಿನಲ್ಲಿ ಹುಡುಗಿ ಫ್ರೇಮಿನ ನಟ್ಟನಡುವೆ ಇದ್ದಾಳೆ. ಒಂದು ಅಂಚಿಗೆ ಸರಿಸಿ ಬೆನ್ನ ಹಿಂದಿನ ಕತ್ತಲೆಗೆ ಜಾಗ ಬಿಟ್ಟಿದ್ದರೆ ನೋಡುವವರ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಮತ್ತೆ ಶೂಟ್ ಮಾಡು ಅನ್ನಲು ನನಗೇನು, ದುಡ್ಡು ನಿನ್ನದು. ಇರುವುದನ್ನೇ ಕ್ರಾಪ್ ಮಾಡಿ ನೋಡಬಹುದೇನೋ. ಇನ್ನೊಂದು, ಸದ್ದನ್ನು ಪೂರ್ತಿ ಕತ್ತರಿಸಬೇಡ. ಸ್ಪೀಕರ್ ಕೆಟ್ಟಿತೇನೋ ಅಂತ ಜನ ಹಿಂದೆ ತಿರುಗುತ್ತಾರೆ, ಆಗ ನೀನು ಹೆದರುವ ಆ ಇನ್ನೊಂದು ನಗು ಬಂದೇ ಬರುತ್ತದೆ. ಖಾಲಿ ಕೋಣೆಯ ಗುಂಯ್ ಇರಲಿ. ಫ್ಯಾನಿನ ಸದ್ದನ್ನು ಮೊದಲಿಂದ ಇಟ್ಟು, ಅವಳು ಬಾಗಿಲ ಹತ್ತಿರ ಹೋದ ಹಾಗೆ ಗೊತ್ತಾಗದಂತೆ ಇಳಿಸು. ಇದೆಲ್ಲ ನಿನಗೆ ಗೊತ್ತಿರುವುದೇ ಇರಬೇಕು.

ನಾಲ್ಕು ಜನರನ್ನು ಕೂರಿಸಿ ತೋರಿಸುವಾಗ ಸ್ಕ್ರೀನ್ ನೋಡಬೇಡ, ಅವರ ಭುಜ ನೋಡು.

ಆ ನಿರ್ದೇಶಕರು ಮತ್ತೆ ಸಿನಿಮಾ ಮಾಡಲಿಲ್ಲ. ಊಟದ ಹೊತ್ತಿನಲ್ಲಿ ನಾನು ಮಾಡಿದ್ದಕ್ಕೆ ಕ್ಷಮೆ ಕೇಳಿ ಒಂದು ಕಾಗದ ಬರೆಯಬೇಕು ಅಂತ ಎಷ್ಟೋ ಸಲ ಅಂದುಕೊಂಡೆ, ಬರೆಯಲಿಲ್ಲ.

ಮ್ಯೂಸಿಕ್ ಇಲ್ಲದ ಕಾಪಿಯನ್ನೂ ಕಳಿಸು. ಎಡಗಿವಿ ಈಗ ಮಂದ, ಹೆಡ್‌ಫೋನ್ ಹಾಕಿಕೊಂಡು ರಾತ್ರಿ ನೋಡುತ್ತೇನೆ. ನಕ್ಕರೆ ನಕ್ಕೆ ಅಂತಲೇ ಬರೆಯುತ್ತೇನೆ.

ನಿನ್ನ ದೊಡ್ಡಪ್ಪ