ವೆಲ್ಡಿಂಗ್ ಕಲಿಯುವ ಆಸೆ ಇದ್ದವರಿಗೆ ಒಂದು ಶೆಡ್ಡಿನ ಬಾಗಿಲು ತೆರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ನಿವೃತ್ತಿಯ ನಂತರದ ಹವ್ಯಾಸಗಳ ಬಗ್ಗೆ ಬಂದ ಲೇಖನ ಓದಿದೆ. ಕೈತೋಟ, ಹೊಲಿಗೆ, ಸಂಗೀತ, ಚಿತ್ರಕಲೆ ಎಲ್ಲ ಇತ್ತು. ಕಬ್ಬಿಣದ ಕೆಲಸದ ಸುದ್ದಿ ಮಾತ್ರ ಇರಲಿಲ್ಲ. ನಾನು ಇಲ್ಲೇ ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಈಗ ವೆಲ್ಡಿಂಗ್ ಕಲಿಯುತ್ತಿದ್ದೇನೆ. ಹೊಟ್ಟೆಪಾಡಿಗಲ್ಲ, ಗುಜರಿ ಅಂಗಡಿಯ ಕಬ್ಬಿಣದಲ್ಲಿ ಹಕ್ಕಿ, ಮೀನು, ಮರ ಮಾಡುವ ಖುಷಿಗೆ. ಇದು ದುಬಾರಿ ಹವ್ಯಾಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ದುಬಾರಿ ಆಗಬೇಕಾಗಿಯೇ ಇಲ್ಲ ಅನ್ನುವುದನ್ನು ಹೇಳಬೇಕೆಂದೇ ಈ ಪತ್ರ.

ನಮ್ಮ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ನೋಡಿ. ಟೆರೇಸಿನ ಮೇಲೆ ಶೀಟಿನ ಮಾಡು ಹಾಕಿಸದ ಮನೆ ಎಷ್ಟಿದೆ? ಅಡಿಕೆ ಒಣಗಿಸುವ ಶೆಡ್, ಗೇಟು, ಕಿಟಕಿಯ ಸರಳು, ಎಲ್ಲ ವೆಲ್ಡಿಂಗೇ. ಪ್ರತಿ ಪೇಟೆಯಲ್ಲಿ ಒಂದೆರಡು ವೆಲ್ಡಿಂಗ್ ಶಾಪ್ ಇದ್ದೇ ಇರುತ್ತದೆ, ಒಳ್ಳೆ ಕೈಕಸುಬು ಇರುವ ಜನರೂ ಇದ್ದಾರೆ. ಆದರೆ ಸುಮ್ನೆ ಪ್ರೀತಿಗೆ ಕಲಿಯಬೇಕು ಅನ್ನುವವರಿಗೆ ಜಾಗ ಇಲ್ಲ. ಶಾಪಿನವರಿಗೆ ಅವರ ಕೆಲಸವೇ ತಲೆ ಮೇಲೆ ಇರುತ್ತದೆ, ನಮ್ಮನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಲು ಪುರುಸೊತ್ತು ಎಲ್ಲಿಂದ ಬರಬೇಕು. ಐಟಿಐಗಳಲ್ಲಿ ವೆಲ್ಡರ್ ಟ್ರೇಡ್ ಒಂದು ವರ್ಷದ್ದು, ಎಂಟನೇ ಕ್ಲಾಸ್ ಪಾಸಾದರೆ ಸಾಕು, ನಿಜ. ಆದರೆ ಅದು ದಿನವಿಡೀ ಕೂತು ಕಲಿಯುವ, ಕೆಲಸಕ್ಕೆ ಹೋಗುವ ಹುಡುಗರ ಕೋರ್ಸ್. ಒಂದು ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿದೆ. "ಟೀಚರೇ, ವಿದ್ಯಾರ್ಥಿಗಳಲ್ಲದವರನ್ನು ವರ್ಕ್‌ಶಾಪಿಗೆ ಬಿಡುವ ಕ್ರಮ ಇಲ್ಲ, ಅಷ್ಟಕ್ಕೂ ನಿಮಗೆ ಯಾಕೆ ಈ ಕೆಲಸ" ಅಂದರು. ಕ್ರಮ ಇಲ್ಲದಿದ್ದರೆ ಹೊಸದಾಗಿ ಒಂದು ಮಾಡಬಹುದು ಅಲ್ವಾ?

ಖರ್ಚಿನ ವಿಷಯಕ್ಕೆ ಬರುತ್ತೇನೆ. ಮಷೀನು ದುಬಾರಿ ಅಂತ ಎಲ್ಲರೂ ತಿಳಿದಿದ್ದಾರೆ, ಅದು ಅರ್ಧ ಮಾತ್ರ ನಿಜ. ಹಳೆಯ ಕಾಲದ, ಇಬ್ಬರು ಹೊರಬೇಕಾದ ಟ್ರಾನ್ಸ್‌ಫಾರ್ಮರ್ ವೆಲ್ಡಿಂಗ್ ಮಷೀನು ಈಗ ಬೇಡ. ಒಂದೇ ಕೈಯಲ್ಲಿ ಎತ್ತುವ ಇನ್ವರ್ಟರ್ ಮಷೀನು ಹತ್ತು ಸಾವಿರದ ಒಳಗೇ ಸಿಗುತ್ತದೆ. ದುಡ್ಡು ಹೋಗುವುದು ಅದರ ಸುತ್ತಮುತ್ತ. ಆರ್ಕ್, ಅಂದರೆ ಬೆಸೆಯುವಾಗಿನ ಕರೆಂಟಿನ ಉರಿಬೆಳಕು, ಹೊತ್ತಿದ ಕೂಡಲೇ ತಾನಾಗಿ ಕಪ್ಪಾಗುವ ಹೆಲ್ಮೆಟ್, ಚರ್ಮದ ಕೈಗವಸು, ಏಪ್ರನ್, ಗ್ರೈಂಡರ್, ಅದಕ್ಕೆ ಕಟ್ಟಿಂಗ್ ಡಿಸ್ಕ್, ಗ್ರೈಂಡಿಂಗ್ ಡಿಸ್ಕ್, ಕ್ಲ್ಯಾಂಪು, ವೈರ್ ಬ್ರಷ್, ಬೆಸುಗೆಯ ಮೇಲೆ ಕಟ್ಟುವ ಸ್ಲ್ಯಾಗ್ ಪದರ ಕುಟ್ಟುವ ಸುತ್ತಿಗೆ. ಮನೆಯ ಹಳೆ ವೈರಿಂಗ್ ಮಷೀನಿನ ಲೋಡ್ ತಡೆಯುವುದಿಲ್ಲ, ಬೇರೆ ಲೈನ್ ಎಳೆಸಿ ಅರ್ತ್ ಸರಿ ಮಾಡಿಸಬೇಕು. ಕಲಿಯುವವರಿಗೆ ಕರಗಿ ಬೆಸುಗೆಯಾಗುವ ರಾಡ್ ಜಾಸ್ತಿ ಬೇಕು, ಡಿಸ್ಕ್ ಸವೆಯುತ್ತಲೇ ಇರುತ್ತದೆ. ಇಷ್ಟೆಲ್ಲ ಕೊಂಡು ವಾರಕ್ಕೆ ಒಂದೆರಡು ಗಂಟೆ ಉಪಯೋಗಿಸುತ್ತೇವೆ. ಉಳಿದ ಹೊತ್ತು ಅದು ಕೊಟ್ಟಿಗೆಯಲ್ಲಿ ಕೂತು ತುಕ್ಕು ಹಿಡಿಯುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಮಳೆಗಾಲದ ಆಟಿ ತಿಂಗಳಲ್ಲಿ ರಾಡಿನ ಪ್ಯಾಕೆಟ್ ಬಿಚ್ಚಿಟ್ಟರೆ ಅದರ ಲೇಪ ತೇವ ಎಳೆದುಕೊಂಡು ಕೆಟ್ಟೇ ಹೋಗುತ್ತದೆ.

ಒಬ್ಬೊಬ್ಬರೇ ಕಲಿಯುವುದರಲ್ಲಿ ದುಡ್ಡಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ, ಅದು ಅಪಾಯ. ವೀಡಿಯೊ ನೋಡಿ ಕಲಿಯಬಹುದು ಅನ್ನುತ್ತಾರೆ. ಕೈ ಆಡಿಸುವುದನ್ನು ಕಲಿಯಬಹುದೇನೋ. ಆದರೆ ಆರ್ಕ್‌ನ ಬೆಳಕು ಬರಿಗಣ್ಣಿಗೆ ಬಿದ್ದರೆ ಆಗ ಏನೂ ಗೊತ್ತಾಗುವುದಿಲ್ಲ, ಕೆಲವು ಗಂಟೆ ಕಳೆದು ರಾತ್ರಿ ಕಣ್ಣಿಗೆ ಮರಳು ಹೊಯ್ದ ಹಾಗೆ ಉರಿ ಶುರುವಾಗುತ್ತದೆ. ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೂ ಅದೇ ಗತಿ. ಜಿಐ ಪೈಪಿನ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ ವಿಷಯ ಇನ್ನೂ ಮುಖ್ಯ. ಮಾಡು ಹಾಕಿಸಿ ಉಳಿದ ಜಿಐ ಪೈಪಿನ ತುಂಡು ಎಲ್ಲರ ಮನೆಯಲ್ಲೂ ಬಿದ್ದಿರುತ್ತದೆ, ಕಲಿಯುವವರು ಮೊದಲು ಕೈ ಹಾಕುವುದೇ ಅದಕ್ಕೆ. ಅದರ ಮೇಲಿರುವ ಸತು 907 ಡಿಗ್ರಿಗೇ ಕುದಿಯುತ್ತದೆ, ಕಬ್ಬಿಣ ಕರಗಲು 1,500 ಡಿಗ್ರಿ ದಾಟಬೇಕು. ಅಂದರೆ ಕಬ್ಬಿಣ ಕರಗುವ ಮೊದಲೇ ಸತು ಬಿಳಿ ಹೊಗೆಯಾಗಿ ಮೂಗಿಗೆ ಬರುತ್ತದೆ. ಸಂಜೆಗೆ ಚಳಿ, ಜ್ವರ, ಮೈಕೈ ನೋವು. ಹಾಲು ಕುಡಿದರೆ ಏನೂ ಆಗುವುದಿಲ್ಲ ಅಂತ ಧೈರ್ಯ ಹೇಳುವವರಿದ್ದಾರೆ, ಅದನ್ನು ನಂಬಬೇಡಿ. ಬೆಸೆಯುವ ಜಾಗದ ಸತುವನ್ನು ಮಾಸ್ಕ್ ಹಾಕಿಕೊಂಡು ಉಜ್ಜಿ ತೆಗೆದು, ಗಾಳಿ ಆಡುವಲ್ಲಿ ನಿಂತು ಮಾಡಬೇಕು. ಕಿಡಿ 35 ಅಡಿ ದೂರದವರೆಗೂ ಹಾರಬಹುದು ಅಂತ ಲೆಕ್ಕ. ಅಂಗಳದಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಮಡಲು, ಒಣಹುಲ್ಲು ಇರುವ ನಮ್ಮ ಮನೆಗಳಲ್ಲಿ ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಿಕೊಡಬೇಕು, ಅದೂ ನಮಗೆ ತಿಳಿಯುವ ಭಾಷೆಯಲ್ಲಿ.

ಇಷ್ಟೆಲ್ಲ ಹೇಳಿ ಹೆದರಿಸಿದೆ ಅಂದುಕೊಳ್ಳಬೇಡಿ. ಈ ಕೆಲಸದ ಸುಖ ಬೇರೆಯೇ. ಹೆಲ್ಮೆಟ್ಟಿನ ಒಳಗೆ ಲೋಕವೆಲ್ಲ ಕತ್ತಲೆ, ಕಾಣುವುದು ಒಂದು ಚಿಕ್ಕ ಹೊಳೆಯುವ ಕೊಳ ಮಾತ್ರ. ಉರಿಯುವ ಬೆಳಕನ್ನಲ್ಲ, ಅದರ ಹಿಂದಿನ ಆ ಕರಗಿದ ಕಬ್ಬಿಣವನ್ನು ನೋಡಬೇಕು. ರಾಡಿನ ತುದಿಗೂ ಕಬ್ಬಿಣಕ್ಕೂ ರಾಡಿನ ದಪ್ಪದಷ್ಟೇ ಅಂತರ. ಹತ್ತಿರ ಹೋದರೆ ಅಂಟುತ್ತದೆ, ದೂರ ಆದರೆ ಕಿಡಿ ಚೆಲ್ಲುತ್ತದೆ. ಹದ ಸರಿ ಬಂದಾಗ ಶಬ್ದದಲ್ಲೇ ಗೊತ್ತಾಗುತ್ತದೆ. ಆಮೇಲೆ ಮೇಲಿನ ಕಪ್ಪು ಸ್ಲ್ಯಾಗ್ ಕುಟ್ಟಿ ತೆಗೆದರೆ ಕೆಳಗೆ ಅಲೆ ಅಲೆಯಾಗಿ ಬೆಸುಗೆ ಕಾಣುತ್ತದಲ್ಲ, ಅದನ್ನು ನೋಡಿದವರು ಮತ್ತೆ ಬಿಡುವುದಿಲ್ಲ.

ನಾನೀಗ ಮಾಡುತ್ತಿರುವುದು ಬಿಳಿ ಹೊಟ್ಟೆಯ ಕಡಲ ಹದ್ದು. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಪಕ್ಷಿ ಅಂತ ಅದನ್ನು ಘೋಷಿಸಿತು, ಅದಕ್ಕೇ ಆರಿಸಿಕೊಂಡೆ. ರೆಕ್ಕೆಯ ಗರಿಗಳು ಸವೆದ ಹುಲ್ಲು ಕತ್ತಿಗಳು, ಬೆನ್ನಿಗೆ ಜೀಪಿನ ಸ್ಪ್ರಿಂಗ್ ಪ್ಲೇಟು. ಸ್ಪ್ರಿಂಗ್ ಪ್ಲೇಟಿನಲ್ಲಿ ಕಾರ್ಬನ್ ಜಾಸ್ತಿ, ಸಾದಾ ಕಬ್ಬಿಣದಲ್ಲಿ ಇರುವುದರ ದುಪ್ಪಟ್ಟಿಗಿಂತಲೂ ಹೆಚ್ಚು. ಅದನ್ನು ತಣ್ಣಗಿರುವಾಗಲೇ ಬೆಸೆದರೆ ನೋಡಲು ಚೆನ್ನಾಗಿಯೇ ಕಾಣುತ್ತದೆ, ಸ್ವಲ್ಪ ಹೊತ್ತಿನಲ್ಲಿ ಪಕ್ಕದಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ನಮ್ಮೂರಿನ ಆಚಾರಿಯವರು ಇದನ್ನು ಮೊದಲೇ ಹೇಳಿದ್ದರು: "ಟೀಚರೇ, ಮೊದಲು ಕಾಯಿಸಿ, ಬೆಸೆದ ಮೇಲೆ ಬೂದಿಯಲ್ಲಿ ಹೂತು ಮರುದಿನ ತೆಗೆಯಿರಿ, ಗಾಳಿಗೆ ಇಟ್ಟರೆ ಕೆಲಸ ಕೆಟ್ಟಿತು." ಎಂಜಿನಿಯರಿಂಗ್ ಪುಸ್ತಕದಲ್ಲೂ ಇದೇ ಮಾತು ಇದೆ, ನಿಧಾನ ತಣಿದರೆ ಕಬ್ಬಿಣ ಗಡುಸಾಗಿ ಒಡೆಯುವುದಿಲ್ಲ. ಕುಲುಮೆಯ ಮುಂದೆ ಜೀವಮಾನ ಕಳೆದವರ ಇಂಥ ತಿಳುವಳಿಕೆ ನಮ್ಮ ಊರುಗಳಲ್ಲಿ ಬೇಕಾದಷ್ಟಿದೆ. ಕೇಳುವವರು ಕೂಡುವ ಜಾಗ ಇಲ್ಲದೆ ಅದು ಅವರೊಂದಿಗೇ ಹೋಗುತ್ತಿದೆ. ನನಗೆ ಬೇಸರ ಇರುವುದು ಇದಕ್ಕೇ.

ಕಾರ್ಖಾನೆಯ ವಿದ್ಯೆ ಕಲೆಗೆ ಬರುವುದು ಹೊಸತೇನಲ್ಲ. ಸ್ಪೇನಿನ ಶಿಲ್ಪಿ ಹೂಲಿಯೊ ಗೊನ್ಸಾಲೆಸ್ ಗ್ಯಾಸ್ ವೆಲ್ಡಿಂಗ್ ಕಲಿತದ್ದು 1918ರಲ್ಲಿ ಫ್ರಾನ್ಸಿನ ರೆನೊ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ. ಹತ್ತು ವರ್ಷ ಕಳೆದು ಪಿಕಾಸೊ ಲೋಹದ ಶಿಲ್ಪ ಮಾಡಲು ಹೊರಟಾಗ ಹುಡುಕಿಕೊಂಡು ಬಂದದ್ದು ಇವರನ್ನೇ. ನಮ್ಮ ದೇಶದಲ್ಲಿ ರಾಘವ ಕನೇರಿಯಾ ಗುಜರಿ ಲೋಹವನ್ನು ಬೆಸೆದು ಶಿಲ್ಪ ಮಾಡಿದರು. ಮಲಂಪುಳದ ಯಕ್ಷಿ ಶಿಲ್ಪವನ್ನು 1969ರಲ್ಲಿ ನಿಲ್ಲಿಸಿದ ಕಾನಾಯಿ ಕುಂಞಿರಾಮನ್ ನಮ್ಮದೇ ಜಿಲ್ಲೆಯ ಚೆರುವತ್ತೂರು ಕಡೆಯವರು. ಅವರದ್ದು ಸಿಮೆಂಟಿನ ಕೆಲಸ, ಆದರೂ ಇಂಥ ಶಿಲ್ಪಿ ಹುಟ್ಟಿದ ಜಿಲ್ಲೆಯಲ್ಲಿ ಕೈ ಕೆಲಸ ಕಲಿಯಲು ಜಾಗ ಕೇಳುವುದು ಜಾಸ್ತಿ ಆಯಿತೇ?

ನನ್ನ ಬೇಡಿಕೆ ಇಷ್ಟೇ. ಸರಕಾರಿ ಐಟಿಐ, ಪಾಲಿಟೆಕ್ನಿಕ್‌ಗಳ ವೆಲ್ಡಿಂಗ್ ಶೆಡ್ ಭಾನುವಾರ ಖಾಲಿ ಇರುತ್ತದೆ. ಅಲ್ಲಿ ಹೊಗೆ ಹೋಗುವ ವ್ಯವಸ್ಥೆ, ಪರದೆ, ಅರ್ತ್ ಎಲ್ಲ ಮೊದಲೇ ಇದೆ. ತಿಂಗಳಿಗೆ ಎರಡು ಭಾನುವಾರ ಹೊರಗಿನವರಿಗೆ ಬಿಡಲಿ. ಫೀಸು ತೆಗೆದುಕೊಳ್ಳಲಿ, ರಾಡ್, ಡಿಸ್ಕ್ ನಾವೇ ತರುತ್ತೇವೆ. ಕನ್ನಡ ಬಲ್ಲ ಒಬ್ಬ ಹಿರಿಯ ವೆಲ್ಡರಿಗೆ ದಿನದ ಸಂಬಳ ಕೊಟ್ಟು ಕೂರಿಸಲಿ, ಆ ಹಣವೂ ನಮ್ಮ ಫೀಸಿನಿಂದಲೇ ಬರಲಿ. ಮೊದಲ ಪಾಠ ಕಣ್ಣು, ಹೊಗೆ, ಬೆಂಕಿ, ಕರೆಂಟು. ಅದು ಮುಗಿಯದೆ ಯಾರ ಕೈಗೂ ರಾಡ್ ಹಿಡಿಯುವ ಹೋಲ್ಡರ್ ಕೊಡುವುದು ಬೇಡ.

ಇನ್ನೊಂದು ದಾರಿ ನಮ್ಮ ಗ್ರಂಥಾಲಯಗಳದ್ದು. 1945ರಲ್ಲಿ ಪಿ.ಎನ್. ಪಣಿಕ್ಕರ್ ಶುರು ಮಾಡಿದ ಗ್ರಂಥಾಲಯ ಸಂಘದ ಕೆಲಸದಿಂದಾಗಿ ಇವತ್ತು ಹಳ್ಳಿಹಳ್ಳಿಯಲ್ಲಿ ಪುಸ್ತಕ ಎರವಲು ಸಿಗುತ್ತದೆ. ತರಬೇತಿ ಮುಗಿಸಿದವರಿಗೆ ಹೆಲ್ಮೆಟ್, ಕ್ಲ್ಯಾಂಪು, ಮಷೀನು ಕೂಡ ಹಾಗೇ ಡೆಪಾಸಿಟ್ ಇಟ್ಟುಕೊಂಡು ಕೊಡಬಹುದು. ಪಂಚಾಯತಿಗೆ ಒಂದು ಸೆಟ್ ಸಾಕು. ಹೀಗಾದರೆ ಇದನ್ನೆಲ್ಲ ಕೊಳ್ಳಲು ಇಪ್ಪತ್ತು ಸಾವಿರ ಕೂಡಿಸಲು ಆಗದ ಕಾಲೇಜು ಹುಡುಗಿಗೂ ಈ ಕೆಲಸ ಸಿಗುತ್ತದೆ. ಹುಡುಗಿ ಅಂತ ಬೇಕೆಂದೇ ಬರೆದೆ. ನನ್ನ ಹಕ್ಕಿ ನೋಡಲು ಬಂದವರಲ್ಲಿ "ನನಗೂ ಕಲಿಸ್ತೀರಾ ಟೀಚರ್" ಅಂತ ಕೇಳಿದವರು ಹೆಚ್ಚಿನವರು ಹೆಣ್ಣುಮಕ್ಕಳೇ, ಅವರನ್ನು ಯಾವ ಶಾಪಿಗೆ ಕಳಿಸಲಿ?

ಜಿಲ್ಲಾ ಪಂಚಾಯತಿನವರು, ಐಟಿಐ ಪ್ರಾಂಶುಪಾಲರು ಈ ಪತ್ರ ಓದಿದರೆ ಇದೇ ಅಂಕಣದಲ್ಲಿ ಉತ್ತರ ಕೊಡಲಿ ಎಂದು ವಿನಂತಿ. ಕಲಿಯಲು ಆಸಕ್ತಿ ಇರುವ ಓದುಗರು ಸಂಪಾದಕರ ವಿಳಾಸಕ್ಕೇ ಒಂದು ಕಾರ್ಡು ಬರೆಯಿರಿ. ಹೆಸರುಗಳ ಪಟ್ಟಿ ಕೈಯಲ್ಲಿದ್ದರೆ ಅರ್ಜಿ ಹಿಡಿದುಕೊಂಡು ಕಚೇರಿಗೆ ಹೋಗಲು ನಾನು ತಯಾರಿದ್ದೇನೆ.

ಇತಿ,
ನಿವೃತ್ತ ಅಧ್ಯಾಪಿಕೆ,
ಬದಿಯಡ್ಕ, ಕಾಸರಗೋಡು ಜಿಲ್ಲೆ