ನಡುನೀರಿನಲ್ಲಿ ನಿಲ್ಲುವ ಇಂಜಿನ್: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ನಿನ್ನ ಪತ್ರ ಕೈಸೇರಿತು. ಕಾಳಿ ನದಿಯ ಅಳಿವೆಯಲ್ಲಿ ನೀರಿನ ಮಾದರಿ ತರಲು ಹೋಗುವಾಗ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನ್ ಮೊದಲು ಚೆನ್ನಾಗಿಯೇ ಓಡಿ, ವೇಗ ಹೆಚ್ಚಿಸಿದ ಸ್ವಲ್ಪ ಹೊತ್ತಿಗೆ ಸೊರಗಿ ನಿಂತುಹೋಗುತ್ತದೆ, ಕೆಲವು ನಿಮಿಷ ಸುಮ್ಮನಿದ್ದು ಹಗ್ಗ ಎಳೆದರೆ ಮತ್ತೆ ಚಾಲೂ ಆಗುತ್ತದೆ ಎಂದು ಬರೆದಿದ್ದೀಯೆ. ಹೊಸ ಪ್ಲಗ್ ಹಾಕಿದರೂ ಗುಣ ಕಾಣಲಿಲ್ಲ, ಈಗ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿಸಬೇಕೆಂದು ಜೊತೆಯವರು ಹೇಳುತ್ತಿದ್ದಾರೆ ಎಂದೂ ತಿಳಿಸಿದ್ದೀಯೆ. ಅದಕ್ಕೆ ಈಗಲೇ ಒಪ್ಪಬೇಡ. ಗಂಗೊಳ್ಳಿಯ ನಾಡದೋಣಿಗಳ ಇಂಜಿನ್‌ಗಳನ್ನು ರಿಪೇರಿ ಮಾಡುತ್ತಲೇ ಬದುಕಿದ ನನಗೆ ಗೊತ್ತಿರುವಂತೆ, ಇಂಥ ದೋಷ ಕಾರ್ಬ್ಯುರೇಟರಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಟ್ಯಾಂಕಿನಿಂದ ಅಲ್ಲಿಯವರೆಗಿನ ದಾರಿಯಲ್ಲೇ ಇರುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಇಂಜಿನ್ ನಿಂತ ಕೂಡಲೇ ಕವರ್ ತೆಗೆಯಲು ಹೋಗಬೇಡ, ಲಂಗರು ಹಾಕು. ಇಳಿತದ ಹೊತ್ತಿನಲ್ಲಿ ಅಳಿವೆಯ ನೀರು ದೋಣಿಯನ್ನು ಕಡಲಿನ ಕಡೆಗೇ ಒಯ್ಯುತ್ತದೆ, ನೀನು ತಲೆ ತಗ್ಗಿಸಿ ಸ್ಪ್ಯಾನರ್ ಹುಡುಕುವಷ್ಟರಲ್ಲಿ ದಡ ದೂರವಾಗಿರುತ್ತದೆ.

ಲಂಗರು ಹಿಡಿದ ಮೇಲೆ ಪೆಟ್ರೋಲ್ ಪೈಪಿನ ನಡುವೆ ಇರುವ ರಬ್ಬರ್ ಬಲ್ಬನ್ನು ಕೈಯಲ್ಲಿ ತೆಗೆದುಕೊ. ಅದರ ಮೇಲಿನ ಬಾಣದ ಗುರುತು ಇಂಜಿನ್ನಿನ ಕಡೆಗಿರಬೇಕು. ಬಾಣ ಮೇಲ್ಮುಖವಾಗುವಂತೆ ಹಿಡಿದು ಹಿಂಡಿದರೆ ಒಳಗಿನ ಕವಾಟಗಳು ಸರಿಯಾಗಿ ಕೂರುತ್ತವೆ. ಕೆಲವು ಬಾರಿ ಹಿಂಡಿದ ಮೇಲೆ ಬಲ್ಬ್ ಗಟ್ಟಿಯಾಗಬೇಕು. ಎಷ್ಟು ಹಿಂಡಿದರೂ ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಒಳಬರುತ್ತಿದೆ, ಇಲ್ಲವೇ ಬಲ್ಬಿನ ಕವಾಟ ಕೆಟ್ಟಿದೆ, ಇಲ್ಲವೇ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಹೊರಚೆಲ್ಲುತ್ತಿದೆ ಎಂದರ್ಥ. ನಿನ್ನ ವಿಷಯದಲ್ಲಿ ನೋಡಬೇಕಾದದ್ದು ಇಂಜಿನ್ ಸೊರಗುವ ಆ ಕ್ಷಣ. ಆಗ ಬಲ್ಬ್ ಒಳಕ್ಕೆ ಸೆಳೆದುಕೊಂಡು ಚಪ್ಪಟೆಯಾಗಿದ್ದರೆ ಅಡ್ಡಿ ಇರುವುದು ಬಲ್ಬಿನ ಹಿಂದೆ, ಅಂದರೆ ಟ್ಯಾಂಕಿನ ಕಡೆ. ಚಪ್ಪಟೆಯಾಗದೆ, ನೀನು ಹಿಂಡುತ್ತಿರುವಷ್ಟು ಹೊತ್ತು ಮಾತ್ರ ಇಂಜಿನ್ ಓಡಿದರೆ, ಫ್ಯುಯೆಲ್ ಪಂಪಿನ ಡಯಾಫ್ರಮ್, ಅಂದರೆ ಒಳಗಿನ ತೆಳು ಪೊರೆ, ಹರಿದಿರಬಹುದು, ಅಥವಾ ಪಂಪು ಪೆಟ್ರೋಲಿನ ಬದಲು ಗಾಳಿಯನ್ನು ಎಳೆಯುತ್ತಿರಬಹುದು. ಬಲ್ಬ್ ಗಟ್ಟಿಯಾಗಿದ್ದೂ, ಹಿಂಡಿದರೂ ಏನೂ ವ್ಯತ್ಯಾಸವಾಗದಿದ್ದರೆ ಮಾತ್ರ ಫಿಲ್ಟರ್, ಕಾರ್ಬ್ಯುರೇಟರುಗಳ ಮೇಲೆ ಅನುಮಾನ ಪಡು. ಅಲ್ಲೂ ದೋಷವಿಲ್ಲವೆಂದಾದರೆ ಪ್ಲಗ್ಗಿನ ಕಿಡಿಗೆ ವಿದ್ಯುತ್ ಕೊಡುವ, ಕಾದಾಗ ಕೈಕೊಡುವ ಇಗ್ನಿಷನ್ ಕಾಯಿಲ್ ಪರೀಕ್ಷಿಸಬೇಕಾಗುತ್ತದೆ, ಏಕೆಂದರೆ ಅದರ ಲಕ್ಷಣವೂ ಹೀಗೆಯೇ ಇರುತ್ತದೆ.

ನನ್ನ ಊಹೆಯಲ್ಲಿ ನಿನ್ನ ಬಲ್ಬ್ ಚಪ್ಪಟೆಯಾಗುತ್ತದೆ. ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಗಾಗಿ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ತೆರೆಯದಿದ್ದರೆ, ಅಥವಾ ಅದರ ರಂಧ್ರದಲ್ಲಿ ಉಪ್ಪು ಕಟ್ಟಿಕೊಂಡಿದ್ದರೆ, ಪೆಟ್ರೋಲ್ ಖರ್ಚಾದಷ್ಟು ಗಾಳಿ ಒಳಗೆ ಹೋಗುವುದಿಲ್ಲ. ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಪಂಪಿನ ಎಳೆತವನ್ನೇ ತಡೆಯುತ್ತದೆ. ಇಂಜಿನ್ ನಿಂತು ಸ್ವಲ್ಪ ಹೊತ್ತಾದ ಮೇಲೆ ಗಾಳಿ ನಿಧಾನವಾಗಿ ಸೇರಿಕೊಳ್ಳುವುದರಿಂದ ಮತ್ತೆ ಚಾಲೂ ಆಗುತ್ತದೆ. ಸೊರಗುವಾಗ ಮುಚ್ಚಳವನ್ನು ತುಸು ಸಡಿಲಿಸಿ ನೋಡು: ಗಾಳಿ ಸುಯ್ಯೆಂದು ಒಳನುಗ್ಗಿ ಇಂಜಿನ್ ಚೇತರಿಸಿಕೊಂಡರೆ ರೋಗ ಸಿಕ್ಕಿದಂತೆಯೇ. ಸಿಗದಿದ್ದರೆ ಟ್ಯಾಂಕಿನೊಳಗಿನ ಹೀರುಕೊಳವೆಯ ಜಾಲರಿಯನ್ನು ತೆಗೆದು ತೊಳೆ, ಪೈಪಿನ ಕನೆಕ್ಟರುಗಳ ಓ-ರಿಂಗ್ (ರಬ್ಬರ್ ಬಳೆ) ಸೀಳಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡು. ಹಳೆಯ ಪೈಪು ಹೊರಗಿನಿಂದ ಚೆನ್ನಾಗಿದ್ದರೂ ಒಳಪದರ ಎದ್ದು ದಾರಿ ಮುಚ್ಚಿರುವುದನ್ನು ನಾನು ಬಹಳ ಕಂಡಿದ್ದೇನೆ. ಅಂಥದ್ದನ್ನು ಬದಲಿಸುವುದೊಂದೇ ದಾರಿ.

ಪೆಟ್ರೋಲನ್ನೂ ಪರೀಕ್ಷಿಸು. ಕಾರ್ಬ್ಯುರೇಟರಿನ ಬಟ್ಟಲಿನ ಕೆಳಗಿರುವ ತಿರುಪನ್ನು ಸಡಿಲಿಸಿ, ಬಂದದ್ದನ್ನು ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡು. ನೀರಿದ್ದರೆ ಅಡಿಯಲ್ಲಿ ಗೆರೆ ಎಳೆದಂತೆ ಬೇರೆಯಾಗಿ ನಿಲ್ಲುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಔಟ್‌ಬೋರ್ಡ್ ಇಂಜಿನ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಹೇಳಿರುವ ಮಿತಿ ಶೇಕಡಾ 10. ಎಥೆನಾಲ್ ಕರಾವಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದಾಗ ಎರಡೂ ಸೇರಿ ಟ್ಯಾಂಕಿನ ತಳಕ್ಕಿಳಿಯುತ್ತವೆ, ಪೆಟ್ರೋಲಿಗೆ ಬೆರೆಸಿದ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಹೀರುಕೊಳವೆ ಎಳೆಯುವುದೋ ತಳದಿಂದ. ಹಾಗಾಗಿ ಒಂದೆರಡು ದಿನಕ್ಕೆ ಬೇಕಾದಷ್ಟೇ ಪೆಟ್ರೋಲ್ ತರಿಸು, ಉಳಿದ ಹಳೆಯದಕ್ಕೆ ಹೊಸದನ್ನು ಸುರಿಯಬೇಡ.

ಆಯಿಲ್ ವಿಷಯವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿಮ್ಮದು ಎರಡು ಸ್ಟ್ರೋಕಿನ ಇಂಜಿನ್, ಲೀಟರಿಗೆ 20 ಮಿಲಿಲೀಟರ್ ಆಯಿಲ್ ಬೆರೆಸುವಂಥದ್ದು. ಪಿಸ್ಟನ್‌ಗೆ ಜಾರಿಕೆ ಸಿಗುವುದು ಪೆಟ್ರೋಲಿನ ಜೊತೆ ಬರುವ ಈ ಆಯಿಲ್‌ನಿಂದಲೇ. ಪೆಟ್ರೋಲ್ ಕಡಿಮೆಯಾದರೆ ಬಲವಷ್ಟೇ ಕುಂದುವುದಿಲ್ಲ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಸೊರಗಿದ ಇಂಜಿನ್ನಿಗೆ ಚೋಕ್ ಕೊಟ್ಟುಕೊಂಡು, ಪೂರ್ತಿ ಥ್ರಾಟಲ್ ತಿರುಗಿಸಿ, ಹೇಗಾದರೂ ಜೆಟ್ಟಿ ಮುಟ್ಟಿಸುವ ಹಟ ಬೇಡ. ನಿಧಾನದ ವೇಗಕ್ಕೆ ಇಳಿಸು, ಅಥವಾ ಬೇರೆ ದೋಣಿಯನ್ನು ಕರೆದು ಎಳೆಸಿಕೊಂಡು ಬಾ.

ಕೊನೆಗೆ ಕಾರ್ಬ್ಯುರೇಟರ್ ಬಿಚ್ಚಲೇಬೇಕಾದರೆ ದಡದಲ್ಲಿ, ನೆರಳಿನಲ್ಲಿ, ಬೀಡಿ ಸೇದುವವರಿಂದ ದೂರ ಕೂತು ಬಿಚ್ಚಿಸು. ನಿಧಾನದಲ್ಲಿ ನಿಂತುಹೋಗಿ ವೇಗದಲ್ಲಿ ಚೆನ್ನಾಗಿ ಓಡುವುದಾದರೆ ಪೈಲಟ್ ಜೆಟ್, ಅಂದರೆ ನಿಧಾನದ ವೇಗಕ್ಕೆ ಪೆಟ್ರೋಲ್ ಬಿಡುವ ಸಣ್ಣ ರಂಧ್ರದ ಬಿಡಿಭಾಗ, ಕಟ್ಟಿರುತ್ತದೆ, ವೇಗದಲ್ಲಿ ಮಾತ್ರ ಸೊರಗಿದರೆ ಮುಖ್ಯ ಜೆಟ್. ಜೆಟ್ಟಿನ ರಂಧ್ರಕ್ಕೆ ತಂತಿ ಹಾಕಲು ಯಾರನ್ನೂ ಬಿಡಬೇಡ; ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಅಳತೆ ಕೆಡುತ್ತದೆ. ಕ್ಲೀನರ್ ಸಿಂಪಡಿಸಿ ಗಾಳಿ ಊದಿಸಿದರೆ ಸಾಕು.

ನಮ್ಮೂರಿನಲ್ಲಿ ಸೀಮೆಎಣ್ಣೆ ಇಂಜಿನ್ ಓಡಿಸುವವರು ದಡ ಸೇರುವ ಮೊದಲು ಕಾಕ್ ತಿರುಗಿಸಿ ಪೆಟ್ರೋಲಿಗೆ ಬರುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯೆ. ಬಟ್ಟಲಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ತಣ್ಣಗಿರುವ ಇಂಜಿನ್ ಹೊತ್ತಿಕೊಳ್ಳುವುದಿಲ್ಲ. ನಿಮ್ಮ ಇಂಜಿನ್ನಿಗೂ ಅಂಥದ್ದೇ ಒಂದು ಶಿಸ್ತು ಬೇಕು. ಮಳೆಗಾಲದಲ್ಲಿ ದೋಣಿಯನ್ನು ಮೇಲೆಳೆದಿಡುವ ಮೊದಲು, ತಂಪಿನ ನೀರು ಹರಿಯುತ್ತಿರುವಾಗಲೇ ಪೆಟ್ರೋಲ್ ಪೈಪನ್ನು ಕಳಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ನಿಧಾನದ ವೇಗದಲ್ಲಿ ಓಡಿಸಿ, ಬಟ್ಟಲಿನಲ್ಲಿ ಉಳಿದ ಹನಿಗಳನ್ನೂ ಬಸಿದುಬಿಡು. ಇಲ್ಲವಾದರೆ ಆಗಸ್ಟಿನಲ್ಲಿ ಜೆಟ್ಟುಗಳ ಒಳಗೆ ಅಂಟು ಕಟ್ಟಿರುತ್ತದೆ. ಹೊಸ ಬಲ್ಬ್ ಒಂದು, ಓ-ರಿಂಗ್ ಎರಡು ಮತ್ತು ಪಂಪಿನ ಡಯಾಫ್ರಮ್ ಕಿಟ್ ಕಳುಹಿಸುತ್ತಿದ್ದೇನೆ. ನೀರು ತಾಗದ ಡಬ್ಬಿಯಲ್ಲಿ ಹಾಕಿ ದೋಣಿಯಲ್ಲೇ ಇಡು.

ಇಂತಿ ನಿನ್ನ
ಅಪ್ಪ