ಒಂದೇ ಕಾಲು ಊದಿದ್ರೆ ಕಾಯಬೇಡಿ

ಎಲ್ಲರಿಗೂ ನಮಸ್ಕಾರ. ಎಚ್‌ಐವಿ ಇರುವವರ ನಮ್ಮ ಈ ಗುಂಪಿನಲ್ಲಿ ಕಾಲು ಊತದ ಬಗ್ಗೆ ಇಬ್ಬರು ಕೇಳಿದ್ದರು. ಎಲ್ಲರಿಗೂ ಬೇಕಾದ ವಿಷಯ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಎಚ್‌ಐವಿ ಇರುವವರಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆಯವರಿಗಿಂತ ಜಾಸ್ತಿ. ವೈರಸ್ಸು ಒಳಗೊಳಗೇ ಉರಿಯೂತ ಎಬ್ಬಿಸುತ್ತಿರುತ್ತದೆ, ಅದೇ ಮುಖ್ಯ ಕಾರಣ. ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಎಣಿಕೆ) ತೀರಾ ಕಡಿಮೆ ಇದ್ದರೆ, ಟಿಬಿ ಇದ್ದರೆ, ಆಪರೇಷನ್ ಆಗಿ ಮಲಗಿದ್ದರೆ ಇನ್ನೂ ಹೆಚ್ಚು.

ಒಂದೇ ಕಾಲು ಊದಿ, ಮೀನಖಂಡ ನೋಯುತ್ತಾ ಮುಟ್ಟಿದರೆ ಬಿಸಿ ಅನಿಸಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ. ಎಣ್ಣೆ ಹಚ್ಚಿ ತಿಕ್ಕಬೇಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು.

ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟರೆ, ನಿಮ್ಮ ಎಆರ್‌ಟಿ (ಎಚ್‌ಐವಿ ಹತೋಟಿಯ) ಮಾತ್ರೆಗಳ ಹೆಸರು ಆ ಡಾಕ್ಟರಿಗೆ ಹೇಳಲೇಬೇಕು. ಸಂಕೋಚ ಬೇಡ, ದಯವಿಟ್ಟು. ರಿಟೊನಾವಿರ್ ಇರುವ ಎಆರ್‌ಟಿ ಮಾತ್ರೆ ತಗೊಳ್ತಿದ್ದರೆ, ರಕ್ತ ತೆಳುವಾಗಿಸುವ ರಿವರಾಕ್ಸಬಾನ್ ರಕ್ತದಲ್ಲಿ ಜಾಸ್ತಿ ಉಳಿದು ರಕ್ತಸ್ರಾವ ಆಗಬಹುದು. ಟಿಬಿಯ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ, ಅದರ ಜೊತೆ ರಿವರಾಕ್ಸಬಾನ್ ಬಲವೇ ಕುಗ್ಗುತ್ತದೆ. ಡೊಲುಟೆಗ್ರಾವಿರ್ ಇರುವ ಒಂದೇ ಎಆರ್‌ಟಿ ಮಾತ್ರೆ, ಅಂದರೆ ಟಿಎಲ್‌ಡಿ ತಗೊಳ್ಳುವವರಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಆದರೂ ಹೇಳಿ.

ಹೆದರಿ ಎಆರ್‌ಟಿ ನಿಲ್ಲಿಸಬೇಡಿ. ನಿಲ್ಲಿಸಿದರೆ ವೈರಸ್ಸು ಏರುತ್ತದೆ, ಹೆಪ್ಪುಗಟ್ಟುವ ಗುಣವೂ ಏರುತ್ತದೆ. ಎಚ್‌ಐವಿ ಇರುವವರ ಮೇಲೆ ನಡೆದ, 2006ರ ಸ್ಮಾರ್ಟ್ ಎಂಬ ಅಧ್ಯಯನದಲ್ಲಿ ಮಾತ್ರೆ ಬಿಟ್ಟು ಬಿಟ್ಟು ತಗೊಂಡವರಲ್ಲೇ ಸಾವು ಹೆಚ್ಚಾಗಿತ್ತು.

ರಿಪೋರ್ಟಿನ ಫೋಟೊ ಗುಂಪಿಗೆ ಹಾಕಬೇಡಿ, ಅದರಲ್ಲಿ ನಿಮ್ಮ ಹೆಸರಿರುತ್ತದೆ. ಸಂದೇಹ ಇದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಉಚಿತ.